ಬಾಯಿ ಮುಚ್ಚಿಕೊಂಡು ಓದಿದರೆ ಅದು ಓದು ಹೌದೋ ಅಲ್ವೋ?

ಹಳೇಪುಟ

ಮೊನ್ನೆ ರಾತ್ರಿ ಕುರ್ಚಿಯಲ್ಲಿ ಕೂತು ಓದುತ್ತಿದ್ದೆ. ಪಕ್ಕದಲ್ಲಿ ಆರು ವರ್ಷದ ಮಗಳು. ಸ್ವಲ್ಪ ಹೊತ್ತು ನನ್ನ ಮುಖವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಕೇಳಿದಳು, "ಅಪ್ಪಾ, ನೀನು ಓದ್ತಾ ಇದ್ದೀಯಾ, ಇಲ್ಲಾ ಸುಮ್ನೆ ಪುಸ್ತಕ ನೋಡ್ತಾ ಇದ್ದೀಯಾ?"

ಓದ್ತಾ ಇದ್ದೀನಿ ಅಂದೆ.

"ಮತ್ತೆ ಏನೂ ಕೇಳಿಸ್ತಾನೇ ಇಲ್ಲ!"

ಅವಳಿಗೆ ಈಗಷ್ಟೇ ಅಕ್ಷರ ಕೂಡಿಸಿ ಓದುವುದು ಬರುತ್ತಿದೆ. ಸಾಲಿನ ಕೆಳಗೆ ಬೆರಳು, ಬಾಯಲ್ಲಿ ಜೋರು ದನಿ. ಒತ್ತಕ್ಷರ ಬಂದರೆ ನಿಂತು, ಉಸಿರು ತಗೊಂಡು, ಮತ್ತೆ ಮೊದಲಿಂದ. ಅವಳ ಲೆಕ್ಕದಲ್ಲಿ ಓದು ಅಂದರೆ ಸದ್ದು. ಸದ್ದಿಲ್ಲ ಅಂದರೆ ಅಪ್ಪ ನಾಟಕ ಆಡುತ್ತಿದ್ದಾನೆ.

ನಗು ಬಂತು. ಆದರೆ ಸುಮಾರು 1,600 ವರ್ಷದ ಹಿಂದೆ ಒಬ್ಬ ದೊಡ್ಡ ವಿದ್ವಾಂಸನಿಗೂ ಇಂಥದ್ದೇ ಬೆರಗು ಆಗಿತ್ತು. ಸಂತ ಆಗಸ್ಟೀನ್. ಕ್ರಿ.ಶ. 384ರಲ್ಲಿ ಮಿಲಾನ್‌ಗೆ ಹೋದವನು ಅಲ್ಲಿನ ಬಿಷಪ್ ಆಂಬ್ರೋಸ್ ಓದುವುದನ್ನು ನೋಡುತ್ತಾನೆ. ಕಣ್ಣು ಪುಟದ ಮೇಲೆ ಓಡುತ್ತಿದೆ, ನಾಲಿಗೆ ಅಲುಗುತ್ತಿಲ್ಲ. ನೋಡಲು ಬಂದವರು ಸುಮ್ಮನೆ ಕೂತು, ಮಾತಾಡಿಸಲು ಧೈರ್ಯ ಸಾಲದೆ ಎದ್ದು ಹೋಗುತ್ತಾರೆ. ಆಗಸ್ಟೀನ್ ಕಾರಣ ಹುಡುಕುತ್ತಾನೆ. ಜೋರಾಗಿ ಓದಿದರೆ ಕೇಳಿಸಿಕೊಂಡವರು ಅರ್ಥ ಕೇಳಿ ಹೊತ್ತು ತಿನ್ನುತ್ತಾರೆ ಅಂತಲೋ? ಬೇಗ ಕಟ್ಟಿಬಿಡುವ ಗಂಟಲನ್ನು ಉಳಿಸಿಕೊಳ್ಳಲೋ? ಅಂದರೆ ಸದ್ದಿಲ್ಲದ ಓದಿಗೆ ಒಂದು ನೆಪ ಬೇಕಿತ್ತು. ಈಗ ಉಲ್ಟಾ. ಗಟ್ಟಿಯಾಗಿ ಓದಿದರೆ ಅಕ್ಕಪಕ್ಕದವರು ತಿರುಗಿ ನೋಡುತ್ತಾರೆ.

ಓದುವವರನ್ನು ಯಾವ ಕಾಲದಲ್ಲಿ ಜನ ಹೇಗೆ ನೋಡಿದರು ಅಂತ ಮಾತಾಡೋಣ ಅನಿಸಿತು. ನಮ್ಮ ಭಾಷೆಗೇ ಎರಡು ಮನಸ್ಸಿದೆ ನೋಡಿ. "ತುಂಬಾ ಓದಿಕೊಂಡವರು" ಅಂದರೆ ಗೌರವ. "ಓದಿ ಓದಿ ಮರುಳಾದ ಕೂಚಂಭಟ್ಟ" ಅಂದರೆ ಗೇಲಿ. ನನ್ನ ಅನುಮಾನ ಇಷ್ಟು: ಜನ ಹೆದರಿದ್ದು ಪುಸ್ತಕಕ್ಕಲ್ಲ, ಸದ್ದಿಲ್ಲದೆ ಒಬ್ಬರೇ ಓದುವವರಿಗೆ. ಸರಿಯೋ ತಪ್ಪೋ ಹೇಳಿ.

ಮಸಿಕುಡಿಕೆ

ಹಳೇಪುಟ ಅವರೇ, ಶುರುವಿನಲ್ಲೇ ಕೊಂಕು ತೆಗೆಯುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಆಂಬ್ರೋಸನ ಪ್ರಸಂಗ ಸರಿ. ಅದನ್ನು ಹಿಡಿದುಕೊಂಡು "ಹಳೇ ಕಾಲದಲ್ಲಿ ಯಾರಿಗೂ ಮನಸ್ಸಿನಲ್ಲೇ ಓದಲು ಬರುತ್ತಿರಲಿಲ್ಲ" ಅನ್ನುವವರಿದ್ದಾರಲ್ಲ, ಅದು ತಪ್ಪು. ಪಂಡಿತರೇ ಬಹಳ ಕಾಲ ಹಾಗೆ ನಂಬಿದ್ದರು. 1968ರಲ್ಲಿ ಬರ್ನಾರ್ಡ್ ನಾಕ್ಸ್ ಅನ್ನುವ ವಿದ್ವಾಂಸರು ಗ್ರೀಕ್ ನಾಟಕಗಳನ್ನೇ ಸಾಕ್ಷಿಗೆ ತಂದು ಅಲ್ಲಗಳೆದರು.

ಯೂರಿಪಿಡೀಸನ ಒಂದು ನಾಟಕ, ಕ್ರಿ.ಪೂ. 428ರದ್ದು. ಥೀಸಿಯಸ್ ತನ್ನ ಸತ್ತ ಹೆಂಡತಿ ಬಿಟ್ಟುಹೋದ ಪತ್ರದ ಹಲಗೆಯನ್ನು ಬಿಚ್ಚಿ ಓದುತ್ತಾನೆ. ಮೇಳದವರಿಗೆ ಏನೂ ಕೇಳಿಸುವುದಿಲ್ಲ. ಅವನು ಕಿರುಚಿಕೊಂಡ ಮೇಲೇ ಅವರಿಗೆ ಅನಾಹುತ ಗೊತ್ತಾಗುವುದು. ಅಷ್ಟು ದೊಡ್ಡ ರಂಗಮಂಟಪದಲ್ಲಿ ಕೂತವರಿಗೆ "ಓ, ಇವನು ಓದುತ್ತಿದ್ದಾನೆ" ಅಂತ ಹೊಳೆಯದಿದ್ದರೆ ಆ ದೃಶ್ಯ ನಿಲ್ಲುತ್ತಲೇ ಇರಲಿಲ್ಲ.

ನಾಲ್ಕು ವರ್ಷದ ನಂತರ ಅರಿಸ್ಟೋಫೇನೀಸ್ ಅನ್ನುವ ಹಾಸ್ಯ ನಾಟಕಕಾರ ಇದನ್ನೇ ತಮಾಷೆ ಮಾಡಿದ. ಒಬ್ಬ ಭವಿಷ್ಯವಾಣಿಯನ್ನು ಮನಸ್ಸಿನಲ್ಲೇ ಓದುತ್ತಾ, ನಡುವೆ "ಇನ್ನೊಂದು ಬಟ್ಟಲು ಸುರಿ" ಅನ್ನುತ್ತಾನೆ. ಜೊತೆಗಿದ್ದವನು ಕಕ್ಕಾಬಿಕ್ಕಿ: "ಸುರಿ ಅಂತ ಅದರಲ್ಲಿ ಬರೆದಿದೆಯಾ?"

ಆದರೆ ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ. ಕ್ರಿ.ಪೂ. 63, ರೋಮ್‌ನ ಸೆನೆಟ್. ರಾಜದ್ರೋಹದ ಸಂಚಿನ ಬಗ್ಗೆ ಕಾವೇರಿದ ಚರ್ಚೆ. ಆಗ ಸೀಸರ್ ಕೈಗೆ ಒಂದು ಚೀಟಿ ಬರುತ್ತದೆ. ಅವನು ಸದ್ದಿಲ್ಲದೆ ಓದುತ್ತಾನೆ. ಅವನ ವಿರೋಧಿ ಸೆನೆಟರ್ ಕೇಟೋಗೆ ತಡೆಯಲಾಗಲಿಲ್ಲ. ಇದು ಸಂಚುಗಾರರ ಕಡೆಯದ್ದೇ, ಎಲ್ಲರ ಮುಂದೆ ಓದು ಅಂತ ಹಟ ಹಿಡಿದ. ಸೀಸರ್ ಚೀಟಿಯನ್ನು ಅವನ ಕೈಗೇ ಕೊಟ್ಟ. ನೋಡಿದರೆ ಪ್ರೇಮಪತ್ರ. ಬರೆದವಳು ಸರ್ವಿಲಿಯಾ, ಕೇಟೋನ ಅಕ್ಕ (ತಾಯಿ ಒಬ್ಬಳೇ, ತಂದೆ ಬೇರೆ). "ತಗೋ ಕುಡುಕ" ಅಂತ ಕೇಟೋ ಅದನ್ನು ಸೀಸರ್ ಕಡೆಗೇ ಎಸೆದನಂತೆ. ಪ್ಲುಟಾರ್ಕ್ ಹೇಳುವ ಕಥೆ ಇದು.

ಚುಟುಕ

ಕೇಟೋ ಗಟ್ಟಿಯಾಗಿ ಓದಿಬಿಟ್ಟಿದ್ದರೆ?

ಮಸಿಕುಡಿಕೆ

ಹಾಗಾಗಲಿಲ್ಲ. ಮನಸ್ಸಿನಲ್ಲೇ ಓದಿಕೊಂಡ. ಅವತ್ತು ಅವನ ಮಾನ ಉಳಿಸಿದ್ದು ಅದೇ.

ಪ್ರೂಫ್ ರೀಡರ್

ಓದುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ನನ್ನದೂ ಎರಡು ಮಾತು.

ಓದಲು ಬರುತ್ತಿತ್ತೋ ಇಲ್ಲವೋ ಅನ್ನುವುದಕ್ಕಿಂತ, ಪುಟ ಹೇಗಿತ್ತು ಅಂತ ನೋಡಿ. ಗ್ರೀಕರು ಪದಗಳ ನಡುವೆ ಜಾಗ ಬಿಡುತ್ತಿರಲಿಲ್ಲ. ರೋಮನ್ನರು ಮೊದಮೊದಲು ಚುಕ್ಕಿ ಇಡುತ್ತಿದ್ದರು, ಆಮೇಲೆ ಅದನ್ನೂ ಕೈಬಿಟ್ಟರು. ಅಕ್ಷರ, ಅಕ್ಷರ, ಅಕ್ಷರ, ಸಾಲು ಮುಗಿಯುವ ತನಕ. ಅದರ ಕಷ್ಟ ಕನ್ನಡದಲ್ಲೇ ನೋಡಿಬಿಡಿ:

ಅವನತ್ತನೋಡಿದಳು

ಅವನ ಕಡೆಗೆ ನೋಡಿದಳಾ? ಅಥವಾ ಅವನು ಅತ್ತ, ಅವಳು ಅದನ್ನು ನೋಡಿದಳಾ? ಬಾಯಲ್ಲಿ ಎರಡು ಥರ ಹೇಳಿ ನೋಡಿ, ಉಸಿರು ಎಲ್ಲಿ ನಿಲ್ಲುತ್ತದೆ ಅನ್ನುವುದರ ಮೇಲೆ ಅರ್ಥ ನಿಂತಿದೆ. ಇಂಥ ಸಾಲು ಪುಟಗಟ್ಟಲೆ ಬಂದರೆ ತುಟಿ ತಾನಾಗಿಯೇ ಅಲುಗುತ್ತದೆ.

ಪದಗಳ ನಡುವೆ ಜಾಗ ಬಿಡುವುದನ್ನು ರೂಢಿಗೆ ತಂದವರು ಐರ್ಲೆಂಡಿನ ಕ್ರೈಸ್ತ ಸಂನ್ಯಾಸಿಗಳು, 7ನೇ ಶತಮಾನದ ಹೊತ್ತಿಗೆ. ಅವರಿಗೆ ಲ್ಯಾಟಿನ್ ಮನೆಮಾತಲ್ಲ, ಕಲಿತ ಭಾಷೆ. ಪದ ಎಲ್ಲಿ ಮುಗಿಯಿತು ಅಂತ ಕಿವಿಗೆ ಸುಲಭಕ್ಕೆ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಗುರುತು ಬೇಕಾಯಿತು. ಆ ಪದ್ಧತಿ ಯುರೋಪಿಗೆಲ್ಲ ಹರಡಲು ಇನ್ನೂ ಮೂರ್ನಾಲ್ಕು ಶತಮಾನ ಹಿಡಿಯಿತು. ಸದ್ದಿಲ್ಲದ ಓದು ಎಲ್ಲರ ಕೈಗೆ ಸಿಕ್ಕಿದ್ದು ಈ ಖಾಲಿ ಜಾಗದಿಂದ ಅಂತ ಪಾಲ್ ಸಾಂಗರ್ ಅನ್ನುವ ಇತಿಹಾಸಕಾರರು 1997ರಲ್ಲಿ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಎಲ್ಲರೂ ಒಪ್ಪಿಲ್ಲ. ನಾನು ಅರ್ಧ ಒಪ್ಪುತ್ತೇನೆ.

ಇನ್ನೊಂದು. 6ನೇ ಶತಮಾನದ ಸಂತ ಬೆನೆಡಿಕ್ಟನ ಮಠದ ನಿಯಮದಲ್ಲಿ ಮಧ್ಯಾಹ್ನದ ವಿಶ್ರಾಂತಿ ಹೊತ್ತಿನ ಬಗ್ಗೆ ಒಂದು ಮಾತಿದೆ. ಓದಬೇಕು ಅನಿಸಿದವರು ಓದಿಕೊಳ್ಳಲಿ, ಆದರೆ ಬೇರೆಯವರಿಗೆ ತೊಂದರೆ ಆಗಬಾರದು. ಅಂದರೆ ಮಲಗಿದವರ ಪಕ್ಕ ಕೂತು ಗುಣಗುಣ ಅನ್ನುವವರು ಜಾಸ್ತಿ ಇದ್ದರು ಅಂತ ತಾನೇ? ಓದಿನ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಮಠದ ಸುತ್ತ ತಿರುಗಬೇಕು, ಯಾರಾದರೂ ಓದು ಬಿಟ್ಟು ಹರಟೆ ಹೊಡೆಯುತ್ತಿದ್ದಾರಾ ಅಂತ ನೋಡಲು. ಪರೀಕ್ಷೆ ಹಾಲಿನ ಮೇಲ್ವಿಚಾರಕರಿಗೆ ಅಷ್ಟು ಹಳೇ ವಂಶ ಇದೆ.

ನಾನು ಕೆಲಸಕ್ಕೆ ಸೇರಿದಾಗ ನಾವೂ ಗಟ್ಟಿಯಾಗಿಯೇ ಓದುತ್ತಿದ್ದೆವು. ಒಬ್ಬರು ಹಸ್ತಪ್ರತಿ ಹಿಡಿದು ಓದಬೇಕು, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಡಬೇಕು. ಚಿಹ್ನೆಗಳೂ ಬಾಯಲ್ಲೇ. "ಅವನು ಬಂದ ಕಾಮಾ ಕೂತ ಕಾಮಾ ಏನೂ ಮಾತಾಡಲಿಲ್ಲ ಫುಲ್‌ಸ್ಟಾಪ್." ಇಡೀ ದಿನ ಹೀಗೆ. ಮನೆಗೆ ಹೋಗಿ ಮಾತಾಡುವಾಗಲೂ ಕಾಮಾ ಬಂದುಬಿಡುತ್ತಿತ್ತು. ಈಗ ಒಬ್ಬನೇ ಪರದೆ ನೋಡುತ್ತಾ ಕೂರುತ್ತೇನೆ. ತಪ್ಪು ಆಗಿನಷ್ಟು ಸಿಗುವುದಿಲ್ಲ. ಕಣ್ಣು ಹಾರಿಸಿಕೊಂಡು ಹೋಗುತ್ತದೆ, ಬಾಯಿಗೆ ಹಾರಿಸಲು ಬರುವುದಿಲ್ಲ.

ಚುಟುಕ

ನನ್ನ ಪ್ರಕಾರ ಅವನೇ ಅತ್ತ.

ಅರ್ಧಕ್ಕೇಬಿಟ್ಟವಳು

ಪುಸ್ತಕ ಅರ್ಧಕ್ಕೇ ಬಿಡುವ ಚಾಳಿ ನನ್ನದು. ಈ ಚರ್ಚೆಗೆ ಬರುವ ಯೋಗ್ಯತೆ ಇದೆಯೋ ಇಲ್ವೋ, ಆದರೂ ಬರೆಯುತ್ತೇನೆ.

ನಾನು ಹನ್ನೊಂದು ವರ್ಷದವಳಿದ್ದಾಗ ಕಾದಂಬರಿ ಹಿಡಿದು ಕೂತರೆ ಅಮ್ಮ "ಕಣ್ಣು ಹಾಳಾಗುತ್ತೆ, ಎದ್ದು ಆಡು ಹೋಗು" ಅನ್ನುತ್ತಿದ್ದರು. ಪಠ್ಯಪುಸ್ತಕ ಹಿಡಿದರೆ ಕಣ್ಣಿಗೆ ಏನೂ ಆಗುತ್ತಿರಲಿಲ್ಲ. ಪಠ್ಯಪುಸ್ತಕದ ಒಳಗೆ ಕಾದಂಬರಿ ಇಟ್ಟರೆ ಎಲ್ಲರಿಗೂ ಕ್ಷೇಮ. ಈಗ ಅದೇ ಅಮ್ಮ ನನ್ನ ಮಗನ ಬೆನ್ನು ಹತ್ತಿದ್ದಾರೆ. "ಫೋನ್ ಇಡು, ಒಂದು ಕಥೆ ಪುಸ್ತಕ ಆದ್ರೂ ಓದೋ."

18ನೇ ಶತಮಾನದ ಕೊನೆಗೆ ಜರ್ಮನ್ನರು ನಮ್ಮಮ್ಮನನ್ನೂ ಮೀರಿಸಿದ್ದರು. ಓದಿನ ಚಟಕ್ಕೆ ಅವರಲ್ಲಿ ಒಂದು ಪದವೇ ಇತ್ತು, ಲೇಸೆಸುಖ್ಟ್. ಇನ್ನೊಂದು ಲೇಸೆವುಟ್, ಓದಿನ ಹುಚ್ಚು. 1791ರ ಒಂದು ಬರಹದಲ್ಲಿ ರೋಗಲಕ್ಷಣವನ್ನೇ ಪಟ್ಟಿ ಮಾಡಿದ್ದಾರೆ. ಓದುವವರು ಮೈ ಅಲುಗಿಸದೆ ಕೂರುತ್ತಾರೆ, ಒಳಗೆ ಮಾತ್ರ ಭಾವನೆಗಳ ಬಿರುಗಾಳಿ. ಪರಿಣಾಮ: ಜಡತನ, ಹೊಟ್ಟೆ ಉಬ್ಬರ, ಮಲಬದ್ಧತೆ. ಪ್ರೇಮಕಥೆ ಓದಿದರೆ ಮಲಬದ್ಧತೆ! ಇಷ್ಟು ಖಡಾಖಂಡಿತವಾಗಿ ಯಾವ ವಿಮರ್ಶಕರೂ ನನಗೆ ಹೇಳಿರಲಿಲ್ಲ.

1774ರಲ್ಲಿ ಜರ್ಮನ್ ಸಾಹಿತಿ ಗಯಟೆಯ ವರ್ಥರ್ ಕಾದಂಬರಿ ಬಂತು. ಪ್ರೇಮದಲ್ಲಿ ಸೋತು ಪ್ರಾಣ ಕಳೆದುಕೊಳ್ಳುವ ಹುಡುಗನ ಕಥೆ. ಓದಿದ ಹುಡುಗರು ಅವನ ಹಾಗೇ ನೀಲಿ ಕೋಟು, ಹಳದಿ ವೇಸ್ಟ್‌ಕೋಟು ಹಾಕಲು ಶುರು ಮಾಡಿದರು. ಮರುವರ್ಷ ಲೈಪ್‌ಜಿಗ್ ನಗರದಲ್ಲಿ ಪುಸ್ತಕದ ಜೊತೆ ಆ ವೇಷವನ್ನೂ ನಿಷೇಧಿಸಿದರು. ಬಟ್ಟೆ ಮೇಲೂ!

ಮತ್ತೆ ಈ ಚಟ ಯಾರಿಗೆ ಅಂಟಿತು ಅಂತ ಗೋಳಾಡಿದರು ಗೊತ್ತಾ? ಹೆಂಗಸರಿಗೆ, ಹುಡುಗರಿಗೆ, ಮನೆಗೆಲಸದವರಿಗೆ. ಪಂಡಿತ ಓದಿದರೆ ಅಧ್ಯಯನ, ಕೆಲಸದ ಹುಡುಗಿ ಓದಿದರೆ ರೋಗ.

ಮಸಿಕುಡಿಕೆ

ಪಂಡಿತರನ್ನೂ ಬಿಟ್ಟಿರಲಿಲ್ಲ ಕಣ್ರೀ. ಟಿಸೋ ಅನ್ನುವ ಸ್ವಿಸ್ ವೈದ್ಯ 1768ರಲ್ಲಿ ಅವರ ಆರೋಗ್ಯದ ಬಗ್ಗೆಯೇ ಒಂದು ಪುಸ್ತಕ ಹೊರತಂದ. ಸದಾ ಕೂತು, ಸದಾ ಯೋಚಿಸಿ, ಮೈ ಹಾಳು ಮಾಡಿಕೊಳ್ಳುತ್ತಾರೆ ಅಂತ. ಆದರೆ ಪಂಡಿತನಿಗೆ ಕೊಟ್ಟ ಮದ್ದು ವಿಶ್ರಾಂತಿ, ಕೆಲಸದವಳಿಗೆ ಕೊಟ್ಟ ಮದ್ದು ಪುಸ್ತಕ ಕಿತ್ತುಕೊಳ್ಳುವುದು. ಅಷ್ಟರಮಟ್ಟಿಗೆ ನಿಮ್ಮ ಮಾತು ಸರಿ.

ಇದಕ್ಕೆ ರಾಲ್ಫ್ ಎಂಗೆಲ್ಸಿಂಗ್ ಅನ್ನುವ ಜರ್ಮನ್ ಇತಿಹಾಸಕಾರ 1970ರ ದಶಕದಲ್ಲಿ ಒಂದು ಕಾರಣ ಕೊಟ್ಟರು. ಅದುವರೆಗೆ ಮನೆಯಲ್ಲಿ ಒಂದೆರಡು ಪುಸ್ತಕ, ಬೈಬಲ್, ಪಂಚಾಂಗ, ಅಷ್ಟೇ. ಅದನ್ನೇ ಜೀವನವಿಡೀ ಮತ್ತೆ ಮತ್ತೆ, ಎಲ್ಲರಿಗೂ ಕೇಳುವ ಹಾಗೆ ಓದುವುದು. 18ನೇ ಶತಮಾನದ ಕೊನೆಗೆ ಜನ ಒಂದನ್ನು ಒಮ್ಮೆ ಓದಿ ಪಕ್ಕಕ್ಕಿಟ್ಟು ಮುಂದಿನದಕ್ಕೆ ಕೈ ಹಾಕತೊಡಗಿದರು. ಹೊಸತೇ ಬೇಕು, ದಿನಾ ಬೇಕು. ಹಿರಿಯರಿಗೆ ಗಾಬರಿ ಆದದ್ದು ಅದಕ್ಕೆ.

ಚಂದದ ವಾದ, ಸ್ವಲ್ಪ ಜಾಸ್ತಿಯೇ ಚಂದ. ಇದಕ್ಕಿಂತ 1,700 ವರ್ಷ ಮೊದಲೇ ರೋಮಿನ ತತ್ವಜ್ಞಾನಿ ಸೆನೆಕಾ ಗೆಳೆಯನಿಗೆ ಪತ್ರದಲ್ಲಿ ಬೈದಿದ್ದ: ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹಾರಬೇಡ, ಎಲ್ಲ ಕಡೆ ಇರುವವನು ಎಲ್ಲೂ ಇರುವುದಿಲ್ಲ ಅಂತ. ಇನ್ನು ಪ್ಲೇಟೋನ ಸಾಕ್ರಟೀಸ್, ಬರವಣಿಗೆ ಬಂದರೆ ನೆನಪಿನ ಶಕ್ತಿಯೇ ಸೊರಗುತ್ತದೆ ಅಂದ. ಬರೆದ ಮಾತನ್ನು ಏನು ಕೇಳಿದರೂ ಅದು ಹೇಳಿದ್ದನ್ನೇ ಹೇಳುತ್ತದೆ ಅಂತಲೂ ಅಂದ. ನಮಗೆ ಅದು ಗೊತ್ತಾದದ್ದು ಪ್ಲೇಟೋ ಬರೆದಿಟ್ಟದ್ದರಿಂದ, ಅದು ಬೇರೆ ಮಾತು.

ಕೆಲವೇ ಪುಸ್ತಕ ಓದಿದವರು ಸುರಕ್ಷಿತ ಅಂತಲೂ ಅಲ್ಲ. ಇಟಲಿಯ ಫ್ರಿಯುಲಿ ಪ್ರಾಂತ್ಯದಲ್ಲಿ ಮೆನೋಕಿಯೋ ಅಂತ ಒಬ್ಬ ಗಿರಣಿಯವ ಇದ್ದ. ಒಟ್ಟು ಓದಿದ್ದು ಹತ್ತು ಹನ್ನೆರಡು ಪುಸ್ತಕ, ಅದರಲ್ಲಿ ಎಷ್ಟೋ ಊರವರಿಂದ ಕಡ ತಂದವು. ಓದಿ ಓದಿ ತನ್ನದೇ ಒಂದು ಲೋಕ ಕಟ್ಟಿಕೊಂಡ. ಹಾಲಿನಲ್ಲಿ ಗಿಣ್ಣ ಕಟ್ಟುವ ಹಾಗೆ ಸೃಷ್ಟಿಯಾಯಿತು, ಅದರಲ್ಲಿ ಹುಳು ಹುಟ್ಟುವ ಹಾಗೆ ದೇವದೂತರು ಹುಟ್ಟಿದರು ಅಂತ. 1584ರಲ್ಲಿ ಧರ್ಮದ ವಿಚಾರಣಾಧಿಕಾರಿಗಳು ಹಿಡಿದು ಕೇಳಿದರು, ಇದನ್ನೆಲ್ಲ ನಿನಗೆ ಕಲಿಸಿದವರು ಯಾರು, ಜೊತೆಗಾರರು ಯಾರು? ಅವನು ಹೇಳಿದ್ದು, ಎಲ್ಲ ನನ್ನ ತಲೆಯಿಂದಲೇ ಬಂದದ್ದು. ಅವರು ನಂಬಲಿಲ್ಲ. ಎರಡನೇ ಸಲ ಸಿಕ್ಕಿಬಿದ್ದಾಗ, 1599ರಲ್ಲಿ, ಸುಟ್ಟು ಕೊಂದರು.

ಬೆರಳುಕಣ್ಣು

ಇಷ್ಟು ಹೊತ್ತು ಎಲ್ಲರೂ ಕಣ್ಣು, ಬಾಯಿ ಅಂತಲೇ ಮಾತಾಡುತ್ತಿದ್ದೀರಿ. ನಾನು ಬೆರಳಲ್ಲಿ ಓದುವವನು.

ಹಳೇಪುಟ ಅವರ ಮಗಳ ಪ್ರಶ್ನೆ ನನಗೆ ದಿನಾ ಬರುತ್ತದೆ, ದೊಡ್ಡವರಿಂದ. ಚಿಕ್ಕವನಿದ್ದಾಗ ಹಾಸ್ಟೆಲಿನಲ್ಲಿ ದೀಪ ಆರಿಸಿದ ಮೇಲೂ ಹೊದಿಕೆ ಒಳಗೆ ಪುಸ್ತಕ ಇಟ್ಟುಕೊಂಡು ಓದುತ್ತಿದ್ದೆ. ನೋಡುವವರಿಗೆ ನಾನು ಮಲಗಿದ ಹಾಗೆ. ಆ ಸುಖ ನಿಮಗ್ಯಾರಿಗೂ ಇಲ್ಲ ಬಿಡಿ, ನಿಮಗೆ ಟಾರ್ಚ್ ಬೇಕು.

ಬ್ರೈಲ್ ಕಥೆ ಈ ಚರ್ಚೆಗೆ ಸರಿಯಾಗಿ ಕೂರುತ್ತದೆ. ಲೂಯಿ ಬ್ರೈಲ್ ಬೆರಳಲ್ಲಿ ಮುಟ್ಟಿ ಓದುವ ತನ್ನ ಉಬ್ಬು ಚುಕ್ಕಿಗಳ ಲಿಪಿಯನ್ನು 1829ರಲ್ಲಿ ಪ್ರಕಟಿಸಿದ. ಆಗವನಿಗೆ 20 ವರ್ಷ. ವಿದ್ಯಾರ್ಥಿಗಳಿಗೆ ಹಿಡಿಸಿತು. ಕಣ್ಣಿರುವ ಎಷ್ಟೋ ಮೇಷ್ಟ್ರುಗಳಿಗೆ ಹಿಡಿಸಲಿಲ್ಲ. ಅವರಿಗೆ ಮಾಮೂಲಿ ಅಕ್ಷರವನ್ನೇ ಉಬ್ಬಿಸಿ ಅಚ್ಚು ಹಾಕಿದ ಪುಸ್ತಕವೇ ಸರಿ, ಯಾಕೆಂದರೆ ಅದನ್ನು ಅವರೂ ಕಣ್ಣಲ್ಲಿ ಓದಬಹುದಿತ್ತು. ಬೆರಳಿಗೆ ಆ ಅಕ್ಷರ ಬಲು ನಿಧಾನ, ಚುಕ್ಕಿ ಬೇಗ. ಆದರೂ ಅವನು ಕಲಿತು, ಕಲಿಸಿದ ಪ್ಯಾರಿಸ್ ಶಾಲೆ ಅದನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ. ಅವನು ತೀರಿಹೋಗಿ 2 ವರ್ಷ ಆಗಿತ್ತು. ಇವರು ಏನು ಓದುತ್ತಿದ್ದಾರೆ ಅಂತ ತಮಗೂ ಕಾಣಬೇಕು ಅನ್ನುವ ಹಟ ಅದರಲ್ಲಿ ಇರಲಿಲ್ಲ ಅಂತೀರಾ?

ಇನ್ನು ಆಡಿಯೋ ಪುಸ್ತಕ. "ಅದು ಕೇಳೋದು, ಓದೋದಲ್ಲ" ಅಂತ ನನಗೆ ಪಾಠ ಹೇಳುವವರು ಬೇಕಾದಷ್ಟಿದ್ದಾರೆ. ಎಡಿಸನ್ 1878ರಲ್ಲಿ ದನಿ ಹಿಡಿದಿಡುವ ತನ್ನ ಫೋನೋಗ್ರಾಫ್‌ನಿಂದ ಏನೇನು ಉಪಯೋಗ ಅಂತ ಪಟ್ಟಿ ಮಾಡಿದಾಗಲೇ ಅಂಧರಿಗೆ ಮಾತಾಡುವ ಪುಸ್ತಕ ಅದರಲ್ಲಿತ್ತು. 1930ರ ದಶಕದಲ್ಲಿ ಅಮೆರಿಕ, ಬ್ರಿಟನ್‌ಗಳಲ್ಲಿ ಅದು ಗ್ರಾಮಫೋನ್ ತಟ್ಟೆಯಲ್ಲಿ ನಿಜಕ್ಕೂ ಬಂತು. ನಾನು ಎರಡನ್ನೂ ಮಾಡುತ್ತೇನೆ. ಕಥೆಗೆ ಕಿವಿ, ಕವಿತೆಗೆ ಬೆರಳು. ಕವಿತೆಯಲ್ಲಿ ಬೇರೆಯವರ ದನಿ ಅಡ್ಡ ಬರುತ್ತದೆ.

ಎರಡನೇಪಾಳಿ

ಬೆರಳುಕಣ್ಣು ಸರ್, ನಿಮ್ಮ ಮಾತಿಗೆ ನನ್ನದೂ ಸೇರಿಸಿ. ನನ್ನದು ಪ್ಯಾಕಿಂಗ್ ಕೆಲಸ. ಡಬ್ಬ ಮಡಿಚು, ತುಂಬು, ಟೇಪು ಎಳೆ, ತಳ್ಳು. ಎಂಟು ಗಂಟೆ. ಒಂದು ಕಿವಿಗೆ ಮಾತ್ರ ಇಯರ್‌ಫೋನ್ ಹಾಕಬಹುದು ಅಂತ ಮೇಲಿನವರು ಒಪ್ಪಿದ್ದಾರೆ. ಹೋದ ವರ್ಷ ಆ ಒಂದು ಕಿವಿಯಲ್ಲಿ ಹದಿನೇಳು ಪುಸ್ತಕ ಮುಗಿಸಿದೆ. ನಾನು ಓದಿದವನೋ ಕೇಳಿದವನೋ ನೀವೇ ತೀರ್ಮಾನ ಮಾಡಿ.

ಕ್ಯೂಬಾದಲ್ಲಿ ಇದು ಮೊದಲೇ ಇತ್ತು. ಹವಾನಾದ ಚುಟ್ಟಾ ಕಾರ್ಖಾನೆಗಳಲ್ಲಿ 1865ರಿಂದ ಓದುವವನೊಬ್ಬನನ್ನು ಇಟ್ಟುಕೊಂಡರು. ಕೆಲಸಗಾರರು ಎಲೆ ಸುತ್ತುತ್ತಾ ಕೂರುತ್ತಾರೆ, ಅವನು ಪತ್ರಿಕೆ, ಕಾದಂಬರಿ ಓದುತ್ತಾನೆ. ಅವನ ಸಂಬಳ ಧಣಿ ಕೊಡುತ್ತಿರಲಿಲ್ಲ, ಕೆಲಸಗಾರರೇ ಕೂಲಿಯಲ್ಲಿ ಪಾಲು ಹಾಕುತ್ತಿದ್ದರು. ಅಕ್ಷರ ಬಾರದವರೂ ಕಾದಂಬರಿಯ ಪಾತ್ರಗಳ ಬಗ್ಗೆ ವಾದ ಮಾಡಬಹುದಿತ್ತು. ಒಂದೇ ವರ್ಷ, 1866ರ ಮೇ ತಿಂಗಳಲ್ಲಿ ಸರ್ಕಾರ ನಿಷೇಧಿಸಿತು. ಓದಿ ಕೇಳಿಸಿದರೆ ಕೆಲಸಗಾರರು ಗುಂಪು ಕಟ್ಟುತ್ತಾರೆ, ತಲೆ ಕೆಡುತ್ತದೆ ಅಂತ ಭಯ. ಆಮೇಲೆ ಮತ್ತೆ ಬಂತು. ವಲಸೆ ಹೋದವರು ಫ್ಲಾರಿಡಾಕ್ಕೂ ಒಯ್ದರು. ಅಲ್ಲಿ ಟ್ಯಾಂಪಾದ ಧಣಿಗಳು 1931ರಲ್ಲಿ ಓದುವವರನ್ನು ತೆಗೆದುಹಾಕಿದರು. ಅವರ ಜಾಗಕ್ಕೆ ರೇಡಿಯೋ ಬಂತು.

ಹಳೇಪುಟ

ಎರಡನೇಪಾಳಿ ಅವರೇ, ನೀವು ನನ್ನ ವಾದದ ಬುಡಕ್ಕೇ ಕೈ ಹಾಕಿದಿರಿ. ಸದ್ದಿಲ್ಲದೆ ಒಬ್ಬರೇ ಓದುವುದಕ್ಕೆ ಹೆದರಿದರು ಅಂದಿದ್ದೆ. ಇಲ್ಲಿ ನೂರಾರು ಜನ ಕೂತು, ಜೋರು ದನಿಯಲ್ಲಿ, ಬಾಗಿಲು ತೆಗೆದಿಟ್ಟುಕೊಂಡೇ ಓದಿಸಿದರು. ಅದಕ್ಕೂ ಹೆದರಿದರಲ್ಲ!

ಮಸಿಕುಡಿಕೆ

ಅದಕ್ಕೇ ನಾನು ಸದ್ದಿನ ಲೆಕ್ಕ ಬಿಟ್ಟು, ಏನು ಓದಬೇಕು ಅಂತ ಆರಿಸುವವರು ಯಾರು ಅಂತ ನೋಡುತ್ತೇನೆ. ಸ್ವೀಡನ್ ನೋಡಿ. 1686ರ ಚರ್ಚ್ ಕಾನೂನಿನ ಪ್ರಕಾರ ಹೆಂಗಸರು, ಆಳುಗಳು, ಮಕ್ಕಳು ಎಲ್ಲರೂ ಓದಲು ಕಲಿಯಲೇಬೇಕು. ಪಾದ್ರಿ ಮನೆಮಂದಿಯನ್ನೆಲ್ಲ ಕೂರಿಸಿ ಪರೀಕ್ಷೆ ಮಾಡಿ ದಾಖಲೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಓದಬೇಕಾದದ್ದು ದೇವರ ಮಾತು. ಬರೆಯಲು ಕಲಿಸಬೇಕು ಅನ್ನುವ ಒತ್ತಾಯ ಇರಲಿಲ್ಲ. ಹಾಗಾಗಿ ಸರಾಗವಾಗಿ ಓದುವ, ಬರೆಯಲು ಬಾರದ ಜನ ಊರು ತುಂಬ.

ಅಮೆರಿಕದ ದಕ್ಷಿಣದಲ್ಲೂ ಮೊದಲು ಹೀಗೇ ಇತ್ತು. ದಕ್ಷಿಣ ಕ್ಯಾರೊಲೈನಾದ 1740ರ ಕಾನೂನು ಗುಲಾಮರಿಗೆ ಬರೆಯಲು ಕಲಿಸಬಾರದು ಅಂದಿತು, ಓದಿನ ಸುದ್ದಿ ಎತ್ತಲಿಲ್ಲ. ಬರೆಯಲು ಬಂದರೆ ರಹದಾರಿ ಚೀಟಿ ತಾನೇ ಬರೆದುಕೊಂಡು ಓಡಿಹೋಗಬಹುದು. 1830ರಲ್ಲಿ ಉತ್ತರ ಕ್ಯಾರೊಲೈನಾ ಓದು, ಬರಹ ಎರಡಕ್ಕೂ ಬಾಗಿಲು ಹಾಕಿತು. ಅಷ್ಟು ಹೊತ್ತಿಗೆ ಗುಲಾಮಗಿರಿ ವಿರೋಧಿ ಕರಪತ್ರಗಳು ಓಡಾಡತೊಡಗಿದ್ದವು.

ಫ್ರೆಡರಿಕ್ ಡಗ್ಲಾಸ್ ಹುಡುಗನಿದ್ದಾಗ ಬಾಲ್ಟಿಮೋರಿನಲ್ಲಿ ಯಜಮಾನಿ ಅಕ್ಷರ ಕಲಿಸಲು ಶುರು ಮಾಡಿದಳು. ಗಂಡ ತಡೆದ, ಕಲಿತರೆ ಇವನು ಗುಲಾಮನಾಗಿ ಉಳಿಯುವುದಿಲ್ಲ ಅಂತ ಅವನೆದುರೇ ಹೇಳಿದ. ಹುಡುಗನಿಗೆ ಅದೇ ದಾರಿ ತೋರಿಸಿತು. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು, ಬದಲಿಗೆ ಪಾಠ ಹೇಳಿಸಿಕೊಂಡ. ಮನೆಯೊಳಗೆ ಸ್ವಲ್ಪ ಹೊತ್ತು ಕಣ್ಣಿಗೆ ಬೀಳದಿದ್ದರೆ ಸಾಕು, ಪುಸ್ತಕ ಹಿಡಿದಿದ್ದಾನೆ ಅಂತ ಕರೆದು ವಿಚಾರಿಸುತ್ತಿದ್ದರಂತೆ.

ಅರ್ಧಕ್ಕೇಬಿಟ್ಟವಳು

ಇದನ್ನು ಮಾತ್ರ ಪೂರ್ತಿ ಓದಿದೆ. ನನ್ನ ಪಠ್ಯಪುಸ್ತಕದ ಕಥೆ ಈಗ ಹೇಳಿಕೊಳ್ಳಲು ನಾಚಿಕೆ ಆಗುತ್ತಿದೆ.

ಪ್ರೂಫ್ ರೀಡರ್

ಯಾಕ್ರೀ ನಾಚಿಕೆ. ಅದೂ ಇರಲಿ ಇಲ್ಲಿ. ಅಂದಹಾಗೆ ಯಾವ ಕಾದಂಬರಿ?

ಅರ್ಧಕ್ಕೇಬಿಟ್ಟವಳು

ಹೇಳಲ್ಲ.

ಹಳೇಪುಟ

ಎಲ್ಲರಿಗೂ ಥ್ಯಾಂಕ್ಸ್. ಮೂರು ತಿಂಗಳಾದ ಮೇಲೆ ಮತ್ತೆ ಬಂದಿದ್ದೇನೆ, ಒಂದು ವಿಷಯ ಹೇಳಲು.

ಮಗಳ ಬೆರಳು ಈಗ ಸಾಲಿನ ಕೆಳಗೆ ಇರುವುದಿಲ್ಲ. ಮೊದಲು ದನಿ ಇಳಿಯಿತು, ಆಮೇಲೆ ಪಿಸುಮಾತಾಯಿತು, ಆಮೇಲೆ ಬರೀ ತುಟಿ. ನಿನ್ನೆ ಸಂಜೆ ಕಿಟಕಿ ಹತ್ತಿರ ಗೋಡೆಗೆ ಒರಗಿ ಕೂತಿದ್ದಳು. ತುಟಿಯೂ ಅಲುಗುತ್ತಿರಲಿಲ್ಲ. ಐದು ನಿಮಿಷ ನೋಡಿದೆ. ಒಂದು ಕಡೆ ಹುಬ್ಬು ಗಂಟಿಕ್ಕಿದಳು, ಇನ್ನೊಂದು ಕಡೆ ಫಕ್ಕನೆ ನಕ್ಕಳು.

"ಏನಮ್ಮ ಅದು, ನನಗೂ ಹೇಳು" ಅಂದೆ.

ಪುಸ್ತಕವನ್ನು ಎದೆಗೆ ಒತ್ತಿಕೊಂಡು, "ಏನಿಲ್ಲ ಅಪ್ಪಾ" ಅಂದಳು.